ರಾಸಾಯನಿಕ ಸೂಚಕಗಳು: ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ದವಾಖಾನೆಗಳಲ್ಲಿ ಕ್ರಿಮಿಶುದ್ಧೀಕರಣದ ನಿಗಾ

ಶಸ್ತ್ರಕ್ರಿಯೆಯ ಕತ್ತರಿ, ಚಿಮಟ, ಸೂಜಿ, ಬಟ್ಟೆ, ಹತ್ತಿಗಳನ್ನು ಉಗಿ, ಒಣಶಾಖ ಅಥವಾ ಅನಿಲದಿಂದ ಕ್ರಿಮಿಶುದ್ಧ ಮಾಡುವಾಗ ಆ ಕೆಲಸ ನಡೆಯಿತೇ ಇಲ್ಲವೇ ಎಂಬುದನ್ನು ಬಣ್ಣ ಬದಲಿಸಿ ತೋರಿಸುವ ಪಟ್ಟಿ, ಟೇಪು, ಹಾಳೆ, ನಳಿಕೆಗಳಿಗೆ ರಾಸಾಯನಿಕ ಸೂಚಕಗಳೆಂದು ಹೆಸರು. ರೋಗಾಣು ಸತ್ತಿತೇ ಎಂಬುದನ್ನು ಇವು ಹೇಳಲಾರವು. ಅದು ಸಾಯಲು ಬೇಕಾದ ಶಾಖ, ತೇವ ಮತ್ತು ಸಮಯ ತಾವಿದ್ದ ಜಾಗಕ್ಕೆ ಮುಟ್ಟಿತೇ ಎಂಬುದನ್ನಷ್ಟೇ ಹೇಳಬಲ್ಲವು. ಪೊಟ್ಟಣದ ಮೇಲೆ ಅಂಟಿಸಿದ ಸೂಚಕ ಮೇಲಿನ ಸುದ್ದಿ ಹೇಳುತ್ತದೆ, ನಡುವೆ ಇಟ್ಟದ್ದು ನಡುವಿನ ಸುದ್ದಿ ಹೇಳುತ್ತದೆ. ಈ ಸರಳ ಸಂಗತಿಯನ್ನು ಮರೆತಾಗಲೇ ಸೂಚಕಗಳಿದ್ದೂ ಸೋಂಕು ತಪ್ಪದ ಪರಿಸ್ಥಿತಿ ಬರುತ್ತದೆ.

ಬೆಳಗಾವಿ ಜಿಲ್ಲೆಯ ಗೋಕಾಕ, ಅದರಿಂದ ಇತ್ತೀಚೆಗೆ ಬೇರೆಯಾಗಿ ತಾಲ್ಲೂಕಾದ ಮೂಡಲಗಿ, ಹಿಡಕಲ್ ಜಲಾಶಯವಿರುವ ಹುಕ್ಕೇರಿ ಘಟಪ್ರಭೆಯ ನೀರು ಉಣ್ಣುವ ಕಬ್ಬಿನ ಸೀಮೆ. ಆಧುನಿಕ ವೈದ್ಯಕ್ಕೆ ಇಲ್ಲಿ ಹಳೆಯ ಬೇರುಗಳಿವೆ. ಸೇವಾದಳದ ಡಾ. ನಾ.ಸು. ಹರ್ಡೀಕರ್ ಅವರ ಹೆಸರಿನೊಂದಿಗೆ ಬೆಸೆದುಕೊಂಡ ಕರ್ನಾಟಕ ಆರೋಗ್ಯಧಾಮ ಘಟಪ್ರಭಾದಲ್ಲಿ 1929ರಲ್ಲಿ ಆರಂಭವಾಯಿತು. ಅದೇ ಊರಿನಲ್ಲಿ ಜೆ.ಜಿ. ಸಹಕಾರಿ ಆಸ್ಪತ್ರೆಯೂ ಇದೆ. ಗಡಿಯಾಚೆಯ ಮೀರಜ್‌ನಲ್ಲಿ ವಿಲಿಯಂ ವಾನ್ಲೆಸ್ 1894ರಲ್ಲಿ ನೆಲೆಗೊಳಿಸಿದ ಮಿಷನ್ ಆಸ್ಪತ್ರೆ ಈ ಭಾಗದವರಿಗೆ ತಲೆಮಾರುಗಳಿಂದ ಪರಿಚಿತ. ಕಷ್ಟದ ಪ್ರಕರಣಗಳು ಈಗ ಹೆಚ್ಚಾಗಿ ಬೆಳಗಾವಿಯ ಬಿಮ್ಸ್‌ಗೋ ಕೆ.ಎಲ್.ಇ. ಆಸ್ಪತ್ರೆಗೋ ಹೋಗುತ್ತವೆ. ಆದರೆ ಹೆರಿಗೆ, ಸಿಸೇರಿಯನ್, ಸಂತಾನಹರಣ, ಅಪೆಂಡಿಕ್ಸ್, ಹರ್ನಿಯಾ, ಗಾಯದ ಹೊಲಿಗೆ, ಹಲ್ಲು ಕೀಳುವುದು ಇವೆಲ್ಲ ನಡೆಯುವುದು ತಾಲ್ಲೂಕು ಆಸ್ಪತ್ರೆ, ಸಮುದಾಯ ಆರೋಗ್ಯ ಕೇಂದ್ರ, ಸಂಕೇಶ್ವರ-ಗೋಕಾಕದಂಥ ಪೇಟೆಗಳ ನರ್ಸಿಂಗ್ ಹೋಂ ಮತ್ತು ದಂತ ಕ್ಲಿನಿಕ್‌ಗಳಲ್ಲಿ. ದೊಡ್ಡ ಬೋಧನಾ ಆಸ್ಪತ್ರೆಗಳಲ್ಲಿ ಕ್ರಿಮಿಶುದ್ಧೀಕರಣಕ್ಕೆಂದೇ ಸಿ.ಎಸ್.ಎಸ್.ಡಿ. ಎಂಬ ಬೇರೆ ವಿಭಾಗ, ಗಣಕ ಜೋಡಿಸಿದ ಯಂತ್ರಗಳು, ತರಬೇತಿ ಪಡೆದ ತಂತ್ರಜ್ಞರು ಇರುತ್ತಾರೆ. ಸಣ್ಣ ದವಾಖಾನೆಯಲ್ಲಿ ಈ ಜವಾಬ್ದಾರಿ ಶಸ್ತ್ರಕ್ರಿಯಾ ಕೋಣೆಯ (ಒ.ಟಿ.) ಸಿಸ್ಟರ್ ಮತ್ತು ಒಬ್ಬ ಗ್ರೂಪ್ ಡಿ ನೌಕರರ ಮೇಲೆ ಬೀಳುತ್ತದೆ. ಯಂತ್ರ ಸರಳ, ಮೇಲ್ವಿಚಾರಣೆ ಕಡಿಮೆ. ಹಾಗಾಗಿ ಸೂಚಕಗಳ ಅಗತ್ಯ ದೊಡ್ಡ ಊರಿಗಿಂತ ಇಲ್ಲೇ ಹೆಚ್ಚು.

ಉಗಿ, ಗಾಳಿ ಮತ್ತು ಮುಳ್ಳು

ಆಸ್ಪತ್ರೆಗಳಲ್ಲಿ ಬಹುಪಾಲು ಕ್ರಿಮಿಶುದ್ಧೀಕರಣ ನಡೆಯುವುದು ಆಟೋಕ್ಲೇವ್ ಎಂಬ ಉಗಿಯಂತ್ರದಲ್ಲಿ. ಪ್ಯಾರಿಸ್‌ನಲ್ಲಿ ಪಾಶ್ಚರ್ ಅವರ ಜತೆಗಾರ ಚಾರ್ಲ್ಸ್ ಚೇಂಬರ್‌ಲ್ಯಾಂಡ್ 1879ರಲ್ಲಿ ಇದಕ್ಕೆ ರೂಪ ಕೊಟ್ಟ. ಅದಕ್ಕೂ ಇನ್ನೂರು ವರ್ಷ ಹಿಂದೆ, 1679ರಲ್ಲಿ, ದನಿ ಪಾಪ್ಯಾಂ ಮಾಡಿದ ಒತ್ತಡದ ಪಾತ್ರೆ ಇದರ ಪೂರ್ವಜ. ಚದರ ಅಂಗುಲಕ್ಕೆ 15 ಪೌಂಡು ಒತ್ತಡದಲ್ಲಿ ಹಿಡಿದಿಟ್ಟ ಉಗಿ 121 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ತಣ್ಣನೆಯ ಉಪಕರಣ ಸೋಕಿದೊಡನೆ ಅದು ನೀರಾಗುತ್ತದೆ. ಹಾಗೆ ನೀರಾಗುವಾಗ ಪ್ರತಿ ಗ್ರಾಮಿಗೆ ಸುಮಾರು 525 ಕ್ಯಾಲರಿ ಶಾಖವನ್ನು ಬಿಟ್ಟುಕೊಡುತ್ತದೆ. ರೋಗಾಣುವಿನ ಪ್ರೋಟೀನು ಕೆಡುವುದು ಈ ಶಾಖ ಮತ್ತು ತೇವ ಒಟ್ಟಿಗೆ ತಾಗಿದಾಗ. ಅಷ್ಟೇ ಬಿಸಿಯಾದ ಒಣಗಾಳಿಗೆ ಈ ಶಕ್ತಿಯಿಲ್ಲ. ಒಣಶಾಖದ ಓವನ್ನಿನಲ್ಲಿ 160 ಡಿಗ್ರಿಯಲ್ಲಿ ಎರಡು ಗಂಟೆ ಇಡಬೇಕಾಗುವುದು ಆ ಕಾರಣಕ್ಕೆ.

ತೊಂದರೆ ಕೊಡುವುದು ಒಳಗೆ ಉಳಿದ ಗಾಳಿ. ಯಂತ್ರದೊಳಗಿನ ಗಾಳಿಯನ್ನು ಪೂರ್ತಿ ಹೊರಹಾಕದೆ ವಾಲ್ವು ಮುಚ್ಚಿದರೆ ಗಾಳಿಯೂ ಉಗಿಯೂ ಕೂಡಿ ಒತ್ತಡವನ್ನು ಏರಿಸುತ್ತವೆ. ಒತ್ತಡಮಾಪಕದ ಮುಳ್ಳು 15 ಪೌಂಡಿಗೆ ಬಂದು ನಿಲ್ಲುತ್ತದೆ, ಒಳಗಿನ ಶಾಖ ಮಾತ್ರ ಅಲ್ಲಿಗೆ ಏರಿರುವುದಿಲ್ಲ. ಸೂಕ್ಷ್ಮಜೀವಿಶಾಸ್ತ್ರದ ಪಠ್ಯಗಳಲ್ಲಿ ಇದರ ಲೆಕ್ಕವಿದೆ: ಅದೇ 15 ಪೌಂಡಿನಲ್ಲಿ ಗಾಳಿ ಪೂರ್ತಿ ಹೋಗಿದ್ದರೆ 121 ಡಿಗ್ರಿ, ಮೂರರಲ್ಲಿ ಎರಡು ಪಾಲು ಹೋಗಿದ್ದರೆ 115, ಅರ್ಧ ಹೋಗಿದ್ದರೆ 112, ಮೂರರಲ್ಲಿ ಒಂದು ಪಾಲು ಹೋಗಿದ್ದರೆ 109, ಏನೂ ಹೋಗದಿದ್ದರೆ ಬರೀ 100. ಮುಳ್ಳು ಎಲ್ಲ ಸಲವೂ ಒಂದೇ ಮಾತು ಹೇಳುತ್ತದೆ. ಇಪ್ಪತ್ತು ನಿಮಿಷ 112 ಡಿಗ್ರಿಯಲ್ಲಿ ಬೆಂದ ಪೊಟ್ಟಣ ಹೊರಗಿನಿಂದ ನೋಡಲು 121ರಲ್ಲಿ ಬೆಂದದ್ದರ ಹಾಗೆಯೇ ಬಿಸಿಯಾಗಿ, ಒದ್ದೆಯಾಗಿ, ಶುದ್ಧವಾಗಿಯೇ ಕಾಣುತ್ತದೆ.

ಈ ಸೀಮೆಗೆ ಇನ್ನೊಂದು ಸಣ್ಣ ತಿದ್ದುಪಡಿಯೂ ಬೇಕು. ಹದಿನೈದು ಪೌಂಡಿಗೆ 121 ಡಿಗ್ರಿ ಎಂಬ ಸೂತ್ರ ಸಮುದ್ರಮಟ್ಟದ್ದು. ಗೋಕಾಕ, ಹುಕ್ಕೇರಿಗಳು ಸಮುದ್ರಮಟ್ಟದಿಂದ ಐನೂರು ಮೀಟರಿಗೂ ಮೇಲಿವೆ. ಇಲ್ಲಿ ಹೊರಗಿನ ವಾಯುಭಾರವೇ ಸುಮಾರು ಒಂದು ಪೌಂಡಿನಷ್ಟು ಕಡಿಮೆ. ಮಾಪಕ ತೋರಿಸುವುದು ಹೊರಗಿನ ಭಾರಕ್ಕಿಂತ ಒಳಗೆ ಎಷ್ಟು ಹೆಚ್ಚಿದೆ ಎಂಬುದನ್ನು ಮಾತ್ರ. ಅದರಿಂದ ಗಾಳಿ ಪೂರ್ತಿ ಹೋಗಿದ್ದರೂ ಮುಳ್ಳು 15ರಲ್ಲಿದ್ದಾಗ ಒಳಗಿನ ಶಾಖ 120ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಪ್ರತಿ ಸಾವಿರ ಅಡಿ ಎತ್ತರಕ್ಕೆ ಅರ್ಧ ಪೌಂಡು ಕೂಡಿಸಬೇಕೆಂಬುದು ರೂಢಿಯ ನಿಯಮ. ಈ ಲೆಕ್ಕದಲ್ಲಿ ಇಲ್ಲಿಯ ಆಟೋಕ್ಲೇವನ್ನು 16 ಪೌಂಡಿಗೆ ನಡೆಸುವುದು ಸರಿ. ಒಂದು ಡಿಗ್ರಿಯ ಕೊರತೆ ಸಾಧಾರಣವಾಗಿ ಅನಾಹುತ ಮಾಡದು. ಆದರೆ ಅದಕ್ಕೆ ಉಳಿದ ಗಾಳಿ, ಬಿಗಿಯಾಗಿ ತುಂಬಿದ ಡ್ರಮ್, ಅವಸರದಲ್ಲಿ ಮೊಟಕಾದ ಸಮಯ ಕೂಡಿಕೊಂಡರೆ ಕೊರತೆ ದೊಡ್ಡದಾಗುತ್ತದೆ. ಶಾಖಮಾಪಕವೇ ಇಲ್ಲದೆ ಒತ್ತಡದ ಮುಳ್ಳನ್ನು ಮಾತ್ರ ನಂಬಿ ನಡೆಯುವ ಉದ್ದನೆಯ ಲಂಬ ಆಟೋಕ್ಲೇವ್‌ಗಳು ಸಣ್ಣ ದವಾಖಾನೆಗಳಲ್ಲಿ ಈಗಲೂ ಬಳಕೆಯಲ್ಲಿವೆ. ಅಂಥ ಯಂತ್ರದೊಳಗೆ ಏನಾಯಿತು ಎಂದು ತಿಳಿಸಬಲ್ಲದ್ದು ಒಳಗಿಟ್ಟ ಸೂಚಕವೊಂದೇ.

ಹಿನ್ನೆಲೆ

ಹಳೆಯ ಸೂಚಕಗಳು ಕರಗುವ ಪುಡಿಗಳು: ಬೆಂಜೋಯಿಕ್ ಆಮ್ಲ 122 ಡಿಗ್ರಿಯ ಹೊತ್ತಿಗೆ ಕರಗುತ್ತದೆ, ಗಂಧಕ ಅದಕ್ಕಿಂತ ಸ್ವಲ್ಪ ಕೆಳಗೆ. ಇಂಥ ಪುಡಿಯನ್ನು ಗಾಜಿನ ನಳಿಕೆಯಲ್ಲಿ ಹಾಕಿ ಬಾಯಿ ಮುಚ್ಚಿ ಬಟ್ಟೆಯ ನಡುವೆ ಇಡುವುದು ಇಪ್ಪತ್ತನೆಯ ಶತಮಾನದ ಆರಂಭದ ಪದ್ಧತಿ. ಪುಡಿ ಕರಗಿದ್ದರೆ ಶಾಖ ಮುಟ್ಟಿತೆಂದು ಅರ್ಥ. ಎಷ್ಟು ಹೊತ್ತು ಅಲ್ಲಿ ನಿಂತಿತು ಎಂಬುದು ಮಾತ್ರ ಅದರಿಂದ ತಿಳಿಯದು. ಸಮಯವನ್ನೂ ಲೆಕ್ಕಕ್ಕೆ ತಂದದ್ದು ಇಂಗ್ಲೆಂಡಿನ ಬ್ರೌನ್ ನಳಿಕೆ. ಅದರೊಳಗಿನ ಕೆಂಪು ದ್ರವ ಸಾಕಷ್ಟು ಹೊತ್ತು ಕಾದರೆ ಹಳದಿಗೆ ತಿರುಗಿ ಕೊನೆಗೆ ಹಸಿರಾಗುತ್ತದೆ. ಭಾರತದ ನರ್ಸಿಂಗ್ ಮತ್ತು ವೈದ್ಯಕೀಯ ವಿದ್ಯಾರ್ಥಿಗಳು ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಹೆಸರು ಇದು, ಆದರೆ ಕೈಯಲ್ಲಿ ಹಿಡಿದು ನೋಡಿದವರು ವಿರಳ.

ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಸೂಚಕ ಬಂದ ದಾರಿಗಳಲ್ಲಿ ಲಸಿಕೆಯೂ ಒಂದು. 1985ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಆರಂಭವಾದಾಗ ಬಳಕೆಯಲ್ಲಿದ್ದದ್ದು ಗಾಜಿನ ಸಿರಿಂಜು, ಮತ್ತೆ ಮತ್ತೆ ಬಳಸುವ ಸೂಜಿ. ಅವುಗಳನ್ನು ಪ್ರೆಷರ್ ಕುಕ್ಕರಿನಂಥ ಸ್ಟೆರಿಲೈಜರಿನಲ್ಲಿ ಇಪ್ಪತ್ತು ನಿಮಿಷ ಬೇಯಿಸಿ ಹಳ್ಳಿಗೆ ಒಯ್ಯಬೇಕಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಲಸಿಕಾ ಕಾರ್ಯಕ್ರಮ ಇದಕ್ಕೆಂದು ಸಮಯ, ಉಗಿ, ಶಾಖ ಮೂರಕ್ಕೂ ಸ್ಪಂದಿಸುವ ಟಿ.ಎಸ್.ಟಿ. ಎಂಬ ಚುಕ್ಕೆಗಳನ್ನು ಪ್ರಚಾರಕ್ಕೆ ತಂದಿತು. ತೊಂಬತ್ತರ ದಶಕದಲ್ಲಿ ಎಚ್‌ಐವಿ ಭಯ ಹಬ್ಬಿದ ಮೇಲೆ ಸೂಜಿಯ ಪ್ರಶ್ನೆ ಇನ್ನಷ್ಟು ಬಿಗಿಯಾಯಿತು. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳು ಆಗ ರಾಜ್ಯದಲ್ಲಿ ಸೋಂಕು ಹೆಚ್ಚಿದ್ದ ಪ್ರದೇಶಗಳ ಪಟ್ಟಿಯಲ್ಲಿದ್ದವು. 2005ರಿಂದೀಚೆಗೆ ಒಮ್ಮೆ ಬಳಸಿದರೆ ತಾನೇ ಲಾಕ್ ಆಗುವ ಎ.ಡಿ. ಸಿರಿಂಜು ಬಂದು ಲಸಿಕೆಯ ಕುಕ್ಕರುಗಳು ಮೂಲೆಗೆ ಸೇರಿದವು. ಅದು ದೊಡ್ಡ ಲಾಭ. ಆದರೆ ವಾರಕ್ಕೊಮ್ಮೆಯಾದರೂ ಆಟೋಕ್ಲೇವ್ ಹಚ್ಚಿ ಚುಕ್ಕೆಯ ಬಣ್ಣ ನೋಡುತ್ತಿದ್ದ ಅಭ್ಯಾಸವೂ ಎಷ್ಟೋ ಉಪಕೇಂದ್ರಗಳಲ್ಲಿ ಅದರೊಂದಿಗೇ ಹೋಯಿತು.

ಗಾಳಿ ಪೂರ್ತಿ ಹೋಯಿತೇ ಎಂದು ನೋಡುವ ಬೋವೀ-ಡಿಕ್ ಪರೀಕ್ಷೆಯ ಕಥೆ ಸ್ವಲ್ಪ ವಿವರವಾಗಿ ಹೇಳತಕ್ಕದ್ದು. ಐವತ್ತು-ಅರವತ್ತರ ದಶಕದಲ್ಲಿ ಪಂಪಿನಿಂದ ಗಾಳಿ ಹೀರಿ ಆಮೇಲೆ ಉಗಿ ತುಂಬುವ ಯಂತ್ರಗಳು ಬಂದವು. 134 ಡಿಗ್ರಿಯಲ್ಲಿ ಮೂರೂವರೆ ನಿಮಿಷದಲ್ಲಿ ಕೆಲಸ ಮುಗಿಯುತ್ತಿತ್ತು. ಇಷ್ಟು ಕಡಿಮೆ ಹೊತ್ತಿನಲ್ಲಿ ಗಾಳಿಯ ಸಣ್ಣ ಗುಳ್ಳೆ ಉಳಿದರೂ ಅದರ ಸುತ್ತಲಿನ ಬಟ್ಟೆ ಕಾಯದೇ ಉಳಿಯುತ್ತದೆ. ಎಡಿನ್‌ಬರೋದ ಬೋವೀ ಮತ್ತು ಡಿಕ್ ಮಾಡಿದ ಉಪಾಯ ಬಹಳ ಸಾದಾ. ಒಂದು ಹಾಳೆಯ ಮೇಲೆ ಆಟೋಕ್ಲೇವ್ ಟೇಪನ್ನು ಮೂಲೆಯಿಂದ ಮೂಲೆಗೆ ಗುಣಾಕಾರ ಚಿಹ್ನೆಯ ಹಾಗೆ ಅಂಟಿಸಿದರು. ಮಡಚಿದ ಟವೆಲ್ಲುಗಳನ್ನು ಹತ್ತು-ಹನ್ನೊಂದು ಅಂಗುಲ ಎತ್ತರಕ್ಕೆ ಪೇರಿಸಿ ಆ ಹಾಳೆಯನ್ನು ನಟ್ಟನಡುವೆ ಇಟ್ಟರು. ಬೇರೇನೂ ತುಂಬದ ಯಂತ್ರದಲ್ಲಿ ಈ ಗಂಟನ್ನು ಮಾತ್ರ ಇಟ್ಟು ಒಂದು ಸುತ್ತು ನಡೆಸಿದರು. ಗಾಳಿ ಪೂರ್ತಿ ಹೋಗಿದ್ದರೆ ಟೇಪಿನ ಗೀಟುಗಳು ಅಂಚಿನಿಂದ ನಡುವಿನವರೆಗೆ ಒಂದೇ ಸಮನೆ ಕಪ್ಪಾಗಿರುತ್ತವೆ. ಉಳಿದಿದ್ದರೆ ನಾಲ್ಕೂ ತುದಿ ಕಪ್ಪು, ನಡುವೆ ಮಾತ್ರ ಮಾಸಲು. ಗಾಳಿ ತಳ್ಳಿಸಿಕೊಂಡು ಬಂದು ಸಿಕ್ಕಿಬೀಳುವುದು ನಡುವೆ ಎಂಬುದಕ್ಕೆ ಆ ಮಾಸಲು ಕಲೆಯೇ ಸಾಕ್ಷಿ. 1963ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ ಈ ಪರೀಕ್ಷೆ ಈಗ ಸಿದ್ಧ ಪ್ಯಾಕಿನ ರೂಪದಲ್ಲಿ ಸಿಗುತ್ತದೆ. ನಿರ್ವಾತ ಪಂಪು ಇರುವ ಯಂತ್ರಕ್ಕೆ ದಿನದ ಮೊದಲ ಸುತ್ತಿನಲ್ಲಿ ಇದು ಕಡ್ಡಾಯವೆಂಬಷ್ಟು ರೂಢಿಯಾಗಿದೆ. ಪಂಪಿಲ್ಲದ ಸಾದಾ ಆಟೋಕ್ಲೇವ್‌ಗೆ ಇದು ಅನ್ವಯಿಸದು, ಪರೀಕ್ಷೆ ಮಾಡಿದರೂ ಫಲಿತಾಂಶಕ್ಕೆ ಅರ್ಥವಿರುವುದಿಲ್ಲ. ಎರಡು ಬಗೆಯ ಯಂತ್ರಗಳೂ ಒಂದೇ ತಾಲ್ಲೂಕಿನಲ್ಲಿ ಇರುವುದರಿಂದ ಯಾವುದಕ್ಕೆ ಯಾವ ಪರೀಕ್ಷೆ ಎಂಬ ಗೊಂದಲ ಸಾಮಾನ್ಯ.

ಗಾಳಿ ಸಿಕ್ಕಿಕೊಂಡರೆ ಏನಾಗಬಹುದೆಂಬುದಕ್ಕೆ ಇಂಗ್ಲೆಂಡಿನ ಪ್ಲಿಮತ್‌ನ ಡೆವನ್‌ಪೋರ್ಟ್ ಪ್ರಕರಣ ಪಾಠಪುಸ್ತಕದ ಉದಾಹರಣೆಯಾಗಿದೆ. ಕಾರ್ಖಾನೆಯಲ್ಲಿ 1971ರಲ್ಲಿ ಆಟೋಕ್ಲೇವ್ ಮಾಡಿದ ಡೆಕ್ಸ್‌ಟ್ರೋಸ್ ಬಾಟಲಿಗಳಲ್ಲಿ ಕೆಳಗಿನ ಸಾಲಿನವು ಶಾಖ ಕಾಣದೇ ಉಳಿದಿದ್ದವು. ತಳದಲ್ಲಿ ಗಾಳಿ ನಿಂತಿತ್ತು. 1972ರಲ್ಲಿ ಅವುಗಳ ದ್ರಾವಣ ಏರಿಸಿಕೊಂಡವರಲ್ಲಿ ಕನಿಷ್ಠ ಐವರು ಸತ್ತರು. ವಿಚಾರಣೆ ನಡೆಸಿದ ಕ್ಲೋದಿಯರ್ ಸಮಿತಿಯ ವರದಿಯ ಪ್ರಕಾರ ಶಾಖ ದಾಖಲಿಸುವ ಉಪಕರಣ ಏರಿಕೆ ತೋರಿಸಿರಲಿಲ್ಲ. ಉಪಕರಣವೇ ಕೆಟ್ಟಿದೆಯೆಂದು ಭಾವಿಸಿ ಕೆಲಸ ಮುಂದುವರಿಸಲಾಗಿತ್ತು. ಸೂಚಕ ಬೇಡವಾದ ಸುದ್ದಿ ಹೇಳಿದಾಗ ಸೂಚಕವನ್ನೇ ಅನುಮಾನಿಸುವುದು ಮನುಷ್ಯಸಹಜ. ಆದರೆ ಆಟೋಕ್ಲೇವ್ ಕೋಣೆಯಲ್ಲಿ ಅನುಮಾನ ಮೊದಲು ಯಂತ್ರದ ಮೇಲೆ ಇರಬೇಕು.

ಆರು ಬಗೆ

ಅಂತರರಾಷ್ಟ್ರೀಯ ಐ.ಎಸ್.ಒ. 11140 ಮಾನದಂಡ ರಾಸಾಯನಿಕ ಸೂಚಕಗಳನ್ನು ಆರು ಬಗೆಗಳಾಗಿ ವಿಂಗಡಿಸುತ್ತದೆ. 2014ರ ಆವೃತ್ತಿಗೆ ಮುಂಚೆ ಇವನ್ನು ಕ್ಲಾಸ್ ಎನ್ನುತ್ತಿದ್ದರು, ಈಗ ಟೈಪ್ ಎನ್ನುತ್ತಾರೆ. ಪೆಟ್ಟಿಗೆಗಳ ಮೇಲೆ ಎರಡೂ ಕಾಣುತ್ತವೆ. ಸಂಖ್ಯೆ ಏರಿದಂತೆ ಗುಣ ಏರುತ್ತದೆಂಬ ಭಾವನೆ ಮಾರಾಟ ಪ್ರತಿನಿಧಿಗಳಿಂದ ಹರಡಿದ್ದು. ಮಾನದಂಡದ ಉದ್ದೇಶ ಅದಲ್ಲ, ಒಂದೊಂದು ಬಗೆಗೆ ಒಂದೊಂದು ಕೆಲಸ.

ಮೊದಲನೆಯ ಬಗೆಯೇ ಎಲ್ಲರಿಗೂ ಪರಿಚಿತವಾದ ಆಟೋಕ್ಲೇವ್ ಟೇಪು. ಕಂದುಬಣ್ಣದ ಅಂಟುಕಾಗದದ ಮೇಲೆ ಓರೆಯಾಗಿ ಎಳೆದ ಮಂದ ಗೀಟುಗಳು ಉಗಿ ತಾಗಿದ ಮೇಲೆ ಕಪ್ಪಾಗುತ್ತವೆ. ಹಳೆಯ ಟೇಪುಗಳ ಶಾಯಿಯಲ್ಲಿ ಸೀಸದ ಕಾರ್ಬನೇಟೂ ಗಂಧಕದ ಸಂಯುಕ್ತವೂ ಇದ್ದು ಶಾಖ-ತೇವದಲ್ಲಿ ಕೂಡಿ ಕಪ್ಪು ಸೀಸದ ಸಲ್ಫೈಡ್ ಆಗುತ್ತದೆ. ಬೆಂದ ಪೊಟ್ಟಣ ಯಾವುದು, ಬೇಯದ್ದು ಯಾವುದು ಎಂದು ಗುರುತು ಹಚ್ಚುವುದಷ್ಟೇ ಇದರ ಕೆಲಸ. ಎರಡು ರಾಶಿ ಒಂದಕ್ಕೊಂದು ಬೆರೆಯಬಾರದಷ್ಟೇ. ಸಣ್ಣ ದವಾಖಾನೆಗಳ ಕಷ್ಟವೆಲ್ಲ ಇರುವುದು ಇಲ್ಲೇ ಎಂಬುದು ಈ ಲೇಖಕನ ಅಭಿಪ್ರಾಯ. ಟೇಪು ಅಗ್ಗ, ಎಲ್ಲೆಡೆ ಸಿಗುತ್ತದೆ, ಬಣ್ಣ ಎದ್ದು ಕಾಣುತ್ತದೆ. ಹಾಗಾಗಿ ಅದು ಒಳಗಿನ, ಹೊರಗಿನ ಎರಡೂ ಸುದ್ದಿ ಹೇಳುವ ಸಾಕ್ಷಿಯಾಗಿಬಿಟ್ಟಿದೆ. ನೂರು ಡಿಗ್ರಿಯ ಆಚೀಚೆ ಉಗಿಯಲ್ಲಿ ಬಹಳ ಹೊತ್ತು ಇದ್ದರೂ ಕೆಲವು ಟೇಪುಗಳ ಗೀಟು ಗಾಢವಾಗಬಹುದು ಎಂಬುದನ್ನು ಯಾರೂ ಯೋಚಿಸುವುದಿಲ್ಲ.

ಎರಡನೆಯದು ಮೇಲೆ ಹೇಳಿದ ಬೋವೀ-ಡಿಕ್‌ನಂಥ ವಿಶೇಷ ಪರೀಕ್ಷೆ. ಮೂರನೆಯದು ಶಾಖ ಅಥವಾ ಬೇರೊಂದೇ ಅಂಶವನ್ನು ನೋಡುವಂಥದು. ನಾಲ್ಕನೆಯದು ಎರಡು ಅಥವಾ ಹೆಚ್ಚು ಅಂಶಗಳನ್ನು ನೋಡುತ್ತದೆ. ಪೊಟ್ಟಣದೊಳಗೆ ಇಡುವ ಸಾಮಾನ್ಯ ಪಟ್ಟಿಗಳು ಹೆಚ್ಚಾಗಿ ಈ ಬಗೆಯವು. ಹೇಳಿದ ಸಮಯಕ್ಕಿಂತ ಶೇಕಡಾ 25ರಷ್ಟು, ಹೇಳಿದ ಶಾಖಕ್ಕಿಂತ ಎರಡು ಡಿಗ್ರಿಯಷ್ಟು ಕಡಿಮೆಯಾದರೆ ಅದು ಪಾಸು ಎನ್ನಬಾರದೆಂದು ಮಾನದಂಡ ಹೇಳುತ್ತದೆ. ಆರನೆಯ ಬಗೆಗೆ ಈ ಸಡಿಲಿಕೆ ಸಮಯದಲ್ಲಿ ಶೇಕಡಾ 6, ಶಾಖದಲ್ಲಿ ಒಂದೇ ಡಿಗ್ರಿ. ಆದರೆ ಅದು ಒಂದು ನಿರ್ದಿಷ್ಟ ಸುತ್ತಿಗೆಂದೇ ಮಾಡಿದ್ದು. 134 ಡಿಗ್ರಿಯ ಸುತ್ತಿನ ಪಟ್ಟಿಯನ್ನು 121ರ ಸುತ್ತಿನಲ್ಲಿ ಇಟ್ಟರೆ ಅದು ಯಾವ ಸತ್ಯವನ್ನೂ ಹೇಳದು. ತಂದವರು ಪೆಟ್ಟಿಗೆ ಓದದೆ ಕೊಟ್ಟಾಗ ಇಂಥ ಎಡವಟ್ಟು ಆಗುತ್ತದೆ.

ಐದನೆಯ ಬಗೆಯನ್ನು ಇಂಟಿಗ್ರೇಟರ್ ಎನ್ನುತ್ತಾರೆ. ಮುಂದೆ ಹೇಳಲಿರುವ ಜೈವಿಕ ಸೂಚಕದ ಬೀಜಕಣಗಳು ಸಾಯುವ ವೇಗಕ್ಕೆ ಹೊಂದಿಕೆಯಾಗುವಂತೆ ಇದರ ಪ್ರತಿಕ್ರಿಯೆಯನ್ನು ಹದಗೊಳಿಸಿರುತ್ತಾರೆ. 121 ಡಿಗ್ರಿಯಲ್ಲಿ ಕನಿಷ್ಠ 16.5 ನಿಮಿಷ, 135 ಡಿಗ್ರಿಯಲ್ಲಿ ಕನಿಷ್ಠ 1.2 ನಿಮಿಷ ಕಳೆಯದೆ ಇದು ಪಾಸು ತೋರಿಸಬಾರದು. ಒಂದು ಜನಪ್ರಿಯ ರೂಪದಲ್ಲಿ ಅಲ್ಯೂಮಿನಿಯಂ ಹಾಳೆಯೊಳಗೆ ಸ್ಯಾಲಿಸಿಲಮೈಡ್‌ನಂಥ ರಾಸಾಯನಿಕದ ಪುಟ್ಟ ಬಿಲ್ಲೆಯೂ ಕಾಗದದ ಪಟ್ಟೆಯೂ ಇರುತ್ತವೆ. ಬಿಲ್ಲೆ ಒಣಶಾಖದಲ್ಲಿ 140 ಡಿಗ್ರಿಗೆ ಕರಗುವಂಥದು, ಆದರೆ ಉಗಿಯ ತೇವ ಸೇರಿದರೆ ಅದಕ್ಕಿಂತ ಕೆಳಗೇ ಕರಗತೊಡಗುತ್ತದೆ. ಕರಗಿದ್ದು ಕಾಗದದಲ್ಲಿ ಹೀರಿಕೊಂಡು ಕಪ್ಪು ಗೆರೆಯಾಗಿ ಕಿಟಕಿಯ ಉದ್ದಕ್ಕೂ ಹರಿಯುತ್ತದೆ. ಗೆರೆ ‘ರಿಜೆಕ್ಟ್’ ಭಾಗದಲ್ಲೇ ನಿಂತರೆ ಆ ಪೊಟ್ಟಣ ಬಳಸಕೂಡದು, ‘ಆಕ್ಸೆಪ್ಟ್’ ಮುಟ್ಟಿದರೆ ಸರಿ. ಬಣ್ಣದ ಛಾಯೆಯನ್ನು ಊಹಿಸಬೇಕಾದ ಅಗತ್ಯವಿಲ್ಲದೆ ದೂರವನ್ನು ನೋಡಿದರೆ ಸಾಕಾಗುವುದು ಇದರ ಅನುಕೂಲ. ಕಪ್ಪೋ ಕಂದೋ ಎಂಬ ವಾದ ಹುಟ್ಟುವುದಿಲ್ಲ, ವರ್ಣಾಂಧತೆ ಇದ್ದವರೂ ಓದಬಲ್ಲರು. ಸಿಸೇರಿಯನ್ ಸೆಟ್ಟಿನಂಥ ಮುಖ್ಯ ಟ್ರೇಗಳಿಗೆ ತಾಲ್ಲೂಕು ಮಟ್ಟದಲ್ಲಿ ಇದನ್ನೇ ರೂಢಿಗೆ ತರುವುದು ಲೇಸು.

ಒ.ಟಿ. ಬಾಗಿಲಲ್ಲಿ

ಬಟ್ಟೆ-ಹತ್ತಿ ತುಂಬುವ ಉಕ್ಕಿನ ಡ್ರಮ್ಮಿನ ಮೈಯಲ್ಲಿ ಸುತ್ತಲೂ ತೂತುಗಳಿವೆ, ಅವುಗಳ ಮೇಲೆ ಸರಿಯುವ ಪಟ್ಟಿ ಇದೆ. ಒಳಗೆ ಇಡುವಾಗ ಪಟ್ಟಿ ಸರಿಸಿ ತೂತು ತೆರೆಯಬೇಕು, ಹೊರಗೆ ತೆಗೆದ ಕೂಡಲೆ ಮುಚ್ಚಬೇಕು. ತೆರೆಯುವುದನ್ನು ಮರೆತು ಮುಚ್ಚಳದ ಮೇಲೆ ಟೇಪು ಅಂಟಿಸಿ ಇಟ್ಟರೆ ಟೇಪು ನೆಟ್ಟಗೆ ಕಪ್ಪಾಗುತ್ತದೆ, ಒಳಗೆ ಉಗಿ ಮಾತ್ರ ಹೋಗಿರುವುದಿಲ್ಲ. ತೆಗೆದ ಮೇಲೆ ಮುಚ್ಚುವುದನ್ನು ಮರೆತರೆ ಶುದ್ಧವಾದದ್ದು ಕೋಣೆಯ ಧೂಳು ಕುಡಿಯುತ್ತದೆ. ಗೌನು, ಶೀಟುಗಳನ್ನು ಕೈ ತೂರದಷ್ಟು ಒತ್ತಿ ತುಂಬಿದರೆ ನಡುವಿನ ಮಡಿಕೆಗೆ ಉಗಿ ಸೇರದು. ಪಟ್ಟಿಯನ್ನು ಇಡಬೇಕಾದದ್ದು ಆ ನಡುಮಡಿಕೆಯಲ್ಲಿ. ಇನ್ನೊಂದು ಪಟ್ಟಿಯನ್ನು ಯಂತ್ರದ ತಳಭಾಗದ ಪೊಟ್ಟಣದಲ್ಲಿ ಇಡುವುದು ಒಳ್ಳೆಯದು, ಗಾಳಿ ಉಗಿಗಿಂತ ಭಾರವಾದ್ದರಿಂದ ಉಳಿದ ಗಾಳಿ ಅಲ್ಲೇ ಕೂರುತ್ತದೆ.

ಪಟ್ಟಿ ಓದುವವರು ಪೊಟ್ಟಣ ಬಿಚ್ಚುವವರೇ. ಶಸ್ತ್ರಕ್ರಿಯೆಗೆ ಟ್ರೇ ತೆರೆದಾಗ ಮೊದಲು ಒಳಗಿನ ಪಟ್ಟಿ ನೋಡಬೇಕು, ಅದು ಪೂರ್ತಿ ಬದಲಾಗಿರದಿದ್ದರೆ ಆ ಟ್ರೇಯನ್ನು ಬದಿಗಿಟ್ಟು ಇನ್ನೊಂದನ್ನು ಕೇಳಬೇಕು. ಅರೆಬರೆ ಬದಲಾವಣೆ ಎಂದರೆ ನಪಾಸು. ಇದಕ್ಕೆ ನಡುವಿನ ದಾರಿ ಇಲ್ಲ. ಒಂದು ಪಟ್ಟಿ ನಪಾಸಾದರೆ ಆ ಟ್ರೇ ಒಂದೇ ಅಲ್ಲ, ಅದೇ ಸುತ್ತಿನ ಎಲ್ಲ ಪೊಟ್ಟಣಗಳ ಮೇಲೂ ಪ್ರಶ್ನೆ ಏಳುತ್ತದೆ. ಆ ಸುತ್ತಿನಲ್ಲಿ ಯಾವ ಯಾವ ಪೊಟ್ಟಣಗಳಿದ್ದವು, ಅವು ಈಗ ಲೇಬರ್ ರೂಮಿನಲ್ಲಿವೆಯೋ ಡ್ರೆಸ್ಸಿಂಗ್ ಕೋಣೆಯಲ್ಲಿವೆಯೋ ಎಂದು ಹುಡುಕಿ ತರಬೇಕಾದರೆ ಪೊಟ್ಟಣದ ಮೇಲೆ ದಿನಾಂಕ ಮತ್ತು ಸುತ್ತಿನ ಸಂಖ್ಯೆ ಬರೆದಿರಬೇಕು, ಅದೇ ಸಂಖ್ಯೆ ರಜಿಸ್ಟರಿನಲ್ಲೂ ಇರಬೇಕು. ಶುರುವಾದ ಹೊತ್ತು, 121 ಮುಟ್ಟಿದ ಹೊತ್ತು, ನಿಲ್ಲಿಸಿದ ಹೊತ್ತು, ಒತ್ತಡ, ಯಾರು ನಡೆಸಿದರು, ಅಂಟಿಸಿದ ಪಟ್ಟಿ ಇಷ್ಟಿದ್ದರೆ ಪುಟ ಪೂರ್ತಿಯಾಯಿತು. ತಪಾಸಣೆಯ ಹಿಂದಿನ ದಿನ ತಿಂಗಳ ಪುಟಗಳೆಲ್ಲ ಒಂದೇ ಶಾಯಿಯಲ್ಲಿ, ಒಂದೇ ಕೈಬರಹದಲ್ಲಿ ತುಂಬುವುದನ್ನು ಕಂಡವರಿಗೆ ರಜಿಸ್ಟರಿನ ಮೌಲ್ಯವೂ ಗೊತ್ತು, ಅಪಮೌಲ್ಯವೂ ಗೊತ್ತು. ಅಂಟಿಸಿದ ಪಟ್ಟಿಗಳ ಛಾಯೆಯಲ್ಲಿ ದಿನದಿನಕ್ಕೆ ಸಣ್ಣ ವ್ಯತ್ಯಾಸವಿದ್ದರೆ ಆ ಪುಸ್ತಕವನ್ನು ಹೆಚ್ಚು ನಂಬಬಹುದು.

ಈ ಸೀಮೆಯ ನಿತ್ಯದ ಎರಡು ತೊಡಕುಗಳು ವಿದ್ಯುತ್ತು ಮತ್ತು ನೀರು. ಸುತ್ತು ಅರ್ಧಕ್ಕೆ ಬಂದಾಗ ಕರೆಂಟು ಹೋದರೆ ಶಾಖ ಇಳಿಯುತ್ತದೆ. ಮತ್ತೆ ಬಂದಾಗ ಉಳಿದ ಹತ್ತು ನಿಮಿಷ ಮುಗಿಸಿದರೆ ಸಾಲದು, ಸಮಯವನ್ನು ಮೊದಲಿನಿಂದ ಎಣಿಸಬೇಕು. ಕೆಲವು ಪಟ್ಟಿಗಳು ಹೋದ-ಬಂದ ಶಾಖವನ್ನು ಕೂಡಿಸಿಕೊಂಡು ಬಣ್ಣ ತಿರುಗುತ್ತವಾದ್ದರಿಂದ ಇಂಥ ಸುತ್ತಿನಲ್ಲಿ ಪಟ್ಟಿಯೊಂದನ್ನೇ ನಂಬುವುದು ತಪ್ಪು, ಗಡಿಯಾರವನ್ನೂ ನೋಡಬೇಕು. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ಪಟ್ಟಣಕ್ಕೇ ನೀರು ನುಗ್ಗಿದಂಥ ಸಂದರ್ಭಗಳಲ್ಲಿ ವಿದ್ಯುತ್ತಿನ ಭರವಸೆ ಇರದು. ಮೊದಲೇ ಬೇಯಿಸಿ ಒಣಗಿಸಿಟ್ಟ ಪೊಟ್ಟಣಗಳ ದಾಸ್ತಾನು, ಒಲೆಯ ಮೇಲೆ ನಡೆಯುವ ಒಂದು ಚಿಕ್ಕ ಆಟೋಕ್ಲೇವ್ ಆಗ ಉಪಯೋಗಕ್ಕೆ ಬರುತ್ತವೆ. ನೀರಿನ ವಿಷಯ ಇನ್ನೂ ಸಾದಾ. ಬೋರ್‌ವೆಲ್ಲಿನ ಗಡಸು ನೀರು ಹಾಕಿದರೆ ಹೀಟರಿನ ಮೇಲೆ ಬಿಳಿ ಸುಣ್ಣ ಕಟ್ಟುತ್ತದೆ, ಉಗಿ ಹುಟ್ಟುವುದು ನಿಧಾನವಾಗುತ್ತದೆ, ವಾಲ್ವಿನ ತೂತು ಕಿರಿದಾಗುತ್ತದೆ. ಬಟ್ಟಿಯಿಳಿಸಿದ ನೀರನ್ನೇ ಹಾಕಬೇಕೆಂದು ಯಂತ್ರದ ಕೈಪಿಡಿಗಳು ಹೇಳುವುದು ಇದಕ್ಕೆ.

ಸೂಚಕಗಳ ಇನ್ನೊಂದು ಶತ್ರು ಬೇಸಿಗೆ. ಏಪ್ರಿಲ್-ಮೇ ತಿಂಗಳಲ್ಲಿ ತಗಡಿನ ಸ್ಟೋರಿನಲ್ಲೋ, ಆಟೋಕ್ಲೇವಿನ ಪಕ್ಕದ ಕಪಾಟಿನಲ್ಲೋ ಪೆಟ್ಟಿಗೆ ಇಟ್ಟರೆ ಶಾಖ, ತೇವ, ಸೋಂಕುನಿವಾರಕ ಗ್ಲುಟರಾಲ್ಡಿಹೈಡಿನ ಹಬೆ ಎಲ್ಲ ಸೇರಿ ಪಟ್ಟಿಗಳು ಬಳಸುವ ಮೊದಲೇ ಮಾಸುತ್ತವೆ ಅಥವಾ ಮಂಕಾಗುತ್ತವೆ. ಪೆಟ್ಟಿಗೆಗೆ ಅವಧಿ ಮುಗಿಯುವ ದಿನಾಂಕ ಇರುವುದನ್ನು ಅನೇಕರು ಗಮನಿಸುವುದೇ ಇಲ್ಲ.

ಉಗಿಯಲ್ಲದ ವಿಧಾನಗಳು

ಪ್ಲಾಸ್ಟಿಕ್, ರಬ್ಬರು, ಮಸೂರಗಳಿರುವ ಅನೇಕ ಉಪಕರಣಗಳು ಉಗಿ ತಾಳಲಾರವು. ಅಂಥವಕ್ಕೆಂದು ಎಥಿಲೀನ್ ಆಕ್ಸೈಡ್ ಅನಿಲದ ಯಂತ್ರಗಳು ದೊಡ್ಡ ಆಸ್ಪತ್ರೆಗಳಲ್ಲಿ ಇರುತ್ತವೆ. 37ರಿಂದ 55 ಡಿಗ್ರಿ ಶಾಖದಲ್ಲೇ ಅವು ಕೆಲಸ ಮಾಡುತ್ತವೆ. ಇದಕ್ಕೆ ರಾಯ್ಸ್ ಮತ್ತು ಬೌಲರ್ 1959ರಲ್ಲಿ ಪಾಲಿಥೀನ್ ಚೀಲದೊಳಗೆ ಮೆಗ್ನೀಸಿಯಂ ಕ್ಲೋರೈಡು, ಆಮ್ಲ, ಬ್ರೋಮೋಫಿನಾಲ್ ಬ್ಲೂ ಬಣ್ಣ ತುಂಬಿ ಮಾಡಿದ ಸೂಚಕ ಪ್ರಸಿದ್ಧ. ಅನಿಲ ಒಳಸೇರಿ ಆಮ್ಲವನ್ನು ತಿಂದಂತೆ ಹಳದಿ ದ್ರವ ನೇರಳೆಯಾಗುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಪ್ಲಾಸ್ಮಾ ಯಂತ್ರಗಳಿಗೆ ಬೇರೆಯೇ ಪಟ್ಟಿಗಳಿವೆ. ಒಂದರ ಪಟ್ಟಿ ಇನ್ನೊಂದಕ್ಕೆ ನಡೆಯದು.

ತಾಲ್ಲೂಕು ಮಟ್ಟದಲ್ಲಿ ಹೆಚ್ಚು ಮುಖ್ಯವಾದದ್ದು ಶೇಕಡಾ 2ರ ಗ್ಲುಟರಾಲ್ಡಿಹೈಡ್, ಎಲ್ಲರೂ ಸೈಡೆಕ್ಸ್ ಎನ್ನುವ ದ್ರಾವಣ. ಲ್ಯಾಪರೋಸ್ಕೋಪನ್ನು ಇದರಲ್ಲಿ 20 ನಿಮಿಷ ಮುಳುಗಿಸಿದರೆ ಉನ್ನತ ಮಟ್ಟದ ಸೋಂಕುನಿವಾರಣೆ ಆಗುತ್ತದೆ. ಬೀಜಕಣಗಳೂ ಸಾಯಬೇಕೆಂದರೆ 10 ಗಂಟೆ ಬೇಕು. ದ್ರಾವಣ ಹದಿನಾಲ್ಕು ದಿನ ಬಾಳುತ್ತದೆಂದು ಡಬ್ಬಿಯ ಮೇಲೆ ಇದ್ದರೂ, ಒದ್ದೆ ಉಪಕರಣ ಅದ್ದಿ ಅದ್ದಿ ತೆಳುವಾದರೆ ಅದಕ್ಕೂ ಮುಂಚೆ ಸತ್ವ ಕಳೆದುಕೊಳ್ಳುತ್ತದೆ. ಸತ್ವ ಶೇಕಡಾ 1.5ಕ್ಕಿಂತ ಇಳಿಯಿತೇ ಎಂದು ನೋಡಲು ಅದ್ದುವ ಪಟ್ಟಿ ಇದೆ. ಪ್ರತಿ ದಿನ ಬಳಸುವ ಮೊದಲು ಒಂದು ಪಟ್ಟಿ ಅದ್ದುವುದು ನಿಯಮ. ಸಂತಾನಹರಣ ಶಿಬಿರಗಳ ದಿನ ಇದರ ಬೆಲೆ ತಿಳಿಯುತ್ತಿತ್ತು. 2014ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸಪುರ ಜಿಲ್ಲೆಯ ಒಂದು ಶಿಬಿರದಲ್ಲಿ ಒಂದೇ ದಿನ 83 ಮಹಿಳೆಯರಿಗೆ ಶಸ್ತ್ರಕ್ರಿಯೆ ನಡೆಯಿತು. ಅಲ್ಲಿ ಮತ್ತು ಆ ದಿನಗಳ ಅಕ್ಕಪಕ್ಕದ ಶಿಬಿರಗಳಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಕಾರಣಗಳಾಗಿ ಔಷಧಿಯೂ ಸೋಂಕೂ ಚರ್ಚೆಗೆ ಬಂದವು. ಚರ್ಚೆ ಏನೇ ಇರಲಿ, ಲೆಕ್ಕ ತಾನೇ ಮಾತಾಡುತ್ತದೆ: ಲ್ಯಾಪರೋಸ್ಕೋಪ್ ಒಂದೇ ಇದ್ದು ಪ್ರತಿ ಇಬ್ಬರ ನಡುವೆ 20 ನಿಮಿಷ ಮುಳುಗಿಸಿದರೆ 82 ಬಾರಿಗೆ 27 ಗಂಟೆಗೂ ಮಿಕ್ಕಿ ಬೇಕು. ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಬೇಕೆಂದು ಸುಪ್ರೀಂ ಕೋರ್ಟು 2016ರಲ್ಲಿ ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ ಹೇಳಿತು.

ದಂತ ಕ್ಲಿನಿಕ್‌ಗಳಲ್ಲಿ ಹಲ್ಲು ಕೊರೆಯುವ ಹ್ಯಾಂಡ್‌ಪೀಸಿನೊಳಗೆ ಸಣ್ಣ ಕೊಳವೆಗಳಿವೆ. ಅಲ್ಲಿಯ ಗಾಳಿ ಹೋಗಬೇಕಾದರೆ ನಿರ್ವಾತದ ಯಂತ್ರವೇ ಬೇಕು. ಪರೀಕ್ಷೆಗೆ ಒಂದೂವರೆ ಮೀಟರ್ ಉದ್ದ, ಎರಡು ಮಿಲಿಮೀಟರ್ ಒಳಗಾತ್ರದ ಸುರುಳಿ ಕೊಳವೆಯ ತುದಿಯಲ್ಲಿ ಪಟ್ಟಿ ಇಡುವ ಹೆಲಿಕ್ಸ್ ಸಾಧನ ಬಳಸುತ್ತಾರೆ.

ಜೈವಿಕ ಸೂಚಕ ಮತ್ತು ಕಾನೂನು

ರಾಸಾಯನಿಕ ಸೂಚಕ ಕೊನೆಯ ಮಾತಲ್ಲ. ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್ ಎಂಬ ಬಿಸಿ ತಾಳುವ ಬ್ಯಾಕ್ಟೀರಿಯಾದ ಬೀಜಕಣಗಳನ್ನು ಆಟೋಕ್ಲೇವಿನೊಳಗೆ ಇಟ್ಟು, ಆಮೇಲೆ 55-60 ಡಿಗ್ರಿಯಲ್ಲಿ ಬೆಳೆಸಿ, ಬದುಕಿವೆಯೇ ಎಂದು ನೋಡುವುದು ಜೈವಿಕ ಸೂಚಕ. ಒಣಶಾಖಕ್ಕೂ ಎಥಿಲೀನ್ ಆಕ್ಸೈಡಿಗೂ ಬ್ಯಾಸಿಲಸ್ ಅಟ್ರೋಫಿಯಸ್. ವಾರಕ್ಕೊಮ್ಮೆ ಮತ್ತು ಮೂಳೆಗೆ ಕೂಡಿಸುವ ತಟ್ಟೆ, ಮೊಳೆಗಳಂಥ ಇಂಪ್ಲಾಂಟ್ ಇರುವ ಪ್ರತಿ ಸುತ್ತಿಗೆ ಇದು ಶಿಫಾರಸು. ಫಲಿತಾಂಶಕ್ಕೆ ಸಮಯ ಬೇಕು, ಪಕ್ಕದಲ್ಲಿ ಇನ್‌ಕ್ಯುಬೇಟರ್ ಬೇಕು. ಪೊಟ್ಟಣ ಬಿಚ್ಚಿದ ಕ್ಷಣದಲ್ಲಿ ಉತ್ತರ ಕೊಡುವುದು ರಾಸಾಯನಿಕ ಪಟ್ಟಿಯೇ. ಎರಡೂ ಬೇಕು, ಅವುಗಳ ಜತೆ ಒತ್ತಡ-ಶಾಖ-ಸಮಯದ ದಾಖಲೆಯೂ ಬೇಕು.

ಸರ್ಕಾರಿ ದವಾಖಾನೆಗಳಲ್ಲಿ ಈ ವಿಷಯಕ್ಕೆ ಗಮನ ತಂದದ್ದು 2015ರಲ್ಲಿ ಆರಂಭವಾದ ಕಾಯಕಲ್ಪ ಪ್ರಶಸ್ತಿ ಯೋಜನೆ, ರಾಷ್ಟ್ರೀಯ ಗುಣಮಟ್ಟ ಭರವಸೆಯ ಮಾನದಂಡಗಳು, ಮತ್ತು 2017ರಲ್ಲಿ ಲೇಬರ್ ರೂಮಿಗಾಗಿ ಬಂದ ಲಕ್ಷ್ಯ. ಅಂಕಗಳ ಪಟ್ಟಿಯಲ್ಲಿ ಆಟೋಕ್ಲೇವ್ ಸೂಚಕಗಳ ಬಗ್ಗೆ ಪ್ರಶ್ನೆ ಇರುವುದರಿಂದ ಟೇಪು, ಪಟ್ಟಿ ತರಿಸುವ ಬೇಡಿಕೆ ಹುಟ್ಟಿತು. ಕೇಂದ್ರ ಆರೋಗ್ಯ ಸಚಿವಾಲಯ 2020ರಲ್ಲಿ ಸೋಂಕು ನಿಯಂತ್ರಣದ ರಾಷ್ಟ್ರೀಯ ಮಾರ್ಗಸೂಚಿಯನ್ನೂ ಹೊರಡಿಸಿತು. ರಾಜ್ಯದ ಔಷಧಿ ಸರಬರಾಜು ನಿಗಮದಿಂದ ಬರದೇ ಇದ್ದ ಸಣ್ಣ ಸಾಮಾನುಗಳನ್ನು ಆರೋಗ್ಯ ರಕ್ಷಾ ಸಮಿತಿಯ ಹಣದಿಂದ ಸ್ಥಳೀಯವಾಗಿ ಕೊಳ್ಳುವ ದಾರಿ ಇದೆ. ಸೂಚಕಗಳು ಇದಕ್ಕೆ ಒಪ್ಪುವ ವಸ್ತು. ಖಾಸಗಿ ಆಸ್ಪತ್ರೆಗಳು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಾಯಿಸಿಕೊಳ್ಳಬೇಕು.

ತ್ಯಾಜ್ಯದ ಆಟೋಕ್ಲೇವಿಗೆ ನಿಯಮ ಇನ್ನೂ ಖಚಿತ. 2016ರ ಜೀವವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ನಿರ್ವಾತ ಪಂಪಿಲ್ಲದ ಯಂತ್ರದಲ್ಲಿ 121 ಡಿಗ್ರಿ, 15 ಪೌಂಡಿನಲ್ಲಿ 60 ನಿಮಿಷಕ್ಕೆ ಕಡಿಮೆ ಇರಬಾರದು, 135 ಡಿಗ್ರಿ, 31 ಪೌಂಡಿನಲ್ಲಿ 45 ನಿಮಿಷ. ಶಾಖ ಮುಟ್ಟಿತೇ ಎಂದು ನೋಡಲು ರಾಸಾಯನಿಕ ಸೂಚಕ ಪಟ್ಟಿ ಅಥವಾ ಟೇಪನ್ನು ಪೊಟ್ಟಣದ ಬೇರೆ ಬೇರೆ ಜಾಗಗಳಲ್ಲಿ ಅಂಟಿಸಬೇಕಾಗಬಹುದೆಂದು ಅದೇ ನಿಯಮ ಹೇಳುತ್ತದೆ. ಯಂತ್ರದ ಸಾಮರ್ಥ್ಯ ಪರೀಕ್ಷೆಗೆ ಕನಿಷ್ಠ ಹತ್ತು ಲಕ್ಷ ಬೀಜಕಣಗಳ ಜೈವಿಕ ಸೂಚಕವನ್ನು ಹೇಳಿದೆ. ಉಪಕರಣವನ್ನೂ ತ್ಯಾಜ್ಯವನ್ನೂ ಒಂದೇ ಯಂತ್ರದಲ್ಲಿ ಬೇಯಿಸುವುದು ಸಲ್ಲದು. ಪ್ರಯೋಗಾಲಯದ ಕಲ್ಚರ್ ತಟ್ಟೆಗಳನ್ನು ಹೊರಗೆ ಕಳಿಸುವ ಮೊದಲೇ ಸ್ಥಳದಲ್ಲಿ ಸಂಸ್ಕರಿಸಬೇಕಾದ್ದರಿಂದ ಪ್ರಯೋಗಾಲಯವಿರುವ ಕೇಂದ್ರಗಳಿಗೂ ಇದು ತಪ್ಪಿದ್ದಲ್ಲ. ಬಳಸಿದ ಹಳೆಯ ಬಗೆಯ ಟೇಪಿನಲ್ಲಿ ಸೀಸ ಇರಬಹುದಾದ್ದರಿಂದ ಅದನ್ನು ಸುಡುವ ಹಳದಿ ಚೀಲಕ್ಕೆ ಹಾಕದಿರುವುದು ವಾಸಿ. ಈಚೆಗೆ ಸೀಸವಿಲ್ಲದ ಟೇಪುಗಳು ಮಾರುಕಟ್ಟೆಗೆ ಬಂದಿವೆ, ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಅದನ್ನು ನೋಡಿಕೊಳ್ಳಬಹುದು.